ಹೀಯಾಳಿಕೆಯ ಚರಿತ್ರೆ: ಗವಿಮಠದ ಬಂಡೆಯಿಂದ ಕ್ಷೌರದಂಗಡಿಯವರೆಗೆ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಒಂದು ಬಂಡೆಯಿದೆ. ಮೌರ್ಯ ಚಕ್ರವರ್ತಿ ಅಶೋಕನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೆತ್ತಿಸಿದ ಕಿರು ಶಾಸನವೊಂದು ಅದರ ಮೇಲಿದೆ. ಅದೇ ಊರಿನ ಪಾಲ್ಕಿಗುಂಡು ಬೆಟ್ಟದಲ್ಲಿ ಅದರ ಇನ್ನೊಂದು ಪ್ರತಿಯಿದೆ. ಕೊಪ್ಪಳವು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಗುಲಾಮ್ ಯಜ್ದಾನಿಯವರು ಮುಖ್ಯಸ್ಥರಾಗಿದ್ದ ಅಲ್ಲಿನ ಪುರಾತತ್ತ್ವ ಇಲಾಖೆಯು ಈ ಎರಡೂ ಶಾಸನಗಳನ್ನು 1932ರಲ್ಲಿ ಆರ್.ಎಲ್. ಟರ್ನರ್ ಎಂಬ ವಿದ್ವಾಂಸರಿಂದ ಓದಿಸಿ ಪ್ರಕಟಿಸಿತು. ಶಾಸನದ ಮುಖ್ಯ ಮಾತು ಇಷ್ಟು: ಧರ್ಮಕ್ಕಾಗಿ ಪಟ್ಟ ಶ್ರಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಶ್ರಮಿಸಿದರೆ ಸಣ್ಣವನೂ ಸ್ವರ್ಗವನ್ನು ಪಡೆಯಬಲ್ಲನು. ಉಪಖಂಡದ ಬಹುಭಾಗವನ್ನು ಆಳಿದ ಅರಸನು ತನ್ನ ಪ್ರಜೆಗಳಲ್ಲಿ ಅತಿ ಕೆಳಗಿರುವವನನ್ನು ಸ್ವರ್ಗದ ಬಾಗಿಲಿನಲ್ಲಿ ತನ್ನ ಸಮಕ್ಕೆ ನಿಲ್ಲಿಸಿದನು.

ಆ ಸಣ್ಣವನಿಗೆ ಶಾಸನವು ಬಳಸುವ ಪದ ‘ಖುದಕ’. ಸಂಸ್ಕೃತದಲ್ಲಿ ಅದು ‘ಕ್ಷುದ್ರಕ’. ನಮ್ಮ ಕನ್ನಡದ ‘ಕ್ಷುದ್ರ’ ಎಂಬ ಮಾತು ಅದೇ ಬೇರಿನದು. ಬಂಡೆಯ ಮೇಲೆ ಈ ಪದವು ಬಡವ, ಸ್ಥಾನಮಾನವಿಲ್ಲದವ ಎಂಬ ಅರ್ಥದಲ್ಲಿ, ಮಮತೆಯಿಂದ ಕುಳಿತಿದೆ. ಇಂದು ಯಾರನ್ನಾದರೂ ಕ್ಷುದ್ರ ಎಂದರೆ ಅದು ಬೈಗುಳ. ಸಣ್ಣವನಾಗಿರುವುದೇ ನೀಚತನವೆಂದು ಭಾಷೆಯು ಯಾವಾಗಲೋ ತೀರ್ಮಾನಿಸಿಬಿಟ್ಟಿತು.

ಚಕ್ರವರ್ತಿಯ ಗತಿಯೂ ಇದಕ್ಕಿಂತ ಬೇರೆಯಾಗಲಿಲ್ಲ. ಅಶೋಕನು ತನ್ನ ಶಾಸನಗಳಲ್ಲಿ ತನ್ನನ್ನು ‘ದೇವಾನಾಂಪಿಯ’ ಎಂದು ಕರೆದುಕೊಂಡಿದ್ದಾನೆ. ದೇವರುಗಳಿಗೆ ಪ್ರಿಯನಾದವನು ಎಂದು ಅದರ ಅರ್ಥ. ಮುಂದೆ ಸಂಸ್ಕೃತ ವೈಯಾಕರಣರ ಕೈಯಲ್ಲಿ ‘ದೇವಾನಾಂಪ್ರಿಯ’ ಎಂಬುದು ಮೂರ್ಖ ಎಂಬ ಅರ್ಥವನ್ನು ಪಡೆಯಿತು. ಬೌದ್ಧ ಅರಸನ ಬಿರುದು ಪಂಡಿತರ ಸಭೆಯಲ್ಲಿ ಲೇವಡಿಯಾಯಿತು. ಅಶೋಕನು ಎಲ್ಲ ಧರ್ಮಪಂಥಗಳಿಗೂ ಸಮಾನವಾಗಿ ಬಳಸಿದ ‘ಪಾಸಂಡ’ ಎಂಬ ಪದವು ‘ಪಾಷಂಡಿ’ಯಾಗಿ ವೇದವಿರೋಧಿ, ಕಪಟಿ ಎಂಬ ಅರ್ಥಕ್ಕೆ ಇಳಿಯಿತು. ಪಂಥಗಳ ವಿಷಯದಲ್ಲಿ ಮಾತಿಗೆ ಕಡಿವಾಣವಿರಬೇಕು, ತನ್ನ ಪಂಥವನ್ನು ಹೊಗಳುತ್ತ ಪರರ ಪಂಥವನ್ನು ಹೀನೈಸಬಾರದು ಎಂದು ಹೇಳುವ ಅಶೋಕನ ಹನ್ನೆರಡನೆಯ ಶಾಸನವು ಭೀಮಾ ತೀರದ ಸನ್ನತಿಯಲ್ಲಿ ದೊರೆತಿದೆ. ಆ ಶಾಸನದ ಕಲ್ಲನ್ನು ಗುಡಿಯೊಂದರಲ್ಲಿ ವಿಗ್ರಹದ ಪೀಠವಾಗಿ ಕೂರಿಸಲಾಗಿತ್ತು. ಅದನ್ನು ಕೂರಿಸಿದವರಿಗೆ ಆ ಅಕ್ಷರಗಳು ಓದಲು ಬರುತ್ತಿರಲಿಲ್ಲ ಎಂದೇ ನಾವು ಭಾವಿಸುತ್ತೇವೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳ್ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಗುಣವೇ ನಿಜವಾದ ಚಿನ್ನ ಎಂದು ಸಾರಿದ್ದೂ ಅದೇ ಗ್ರಂಥ. ಒಳ್ಳೆಯ ಮಾತಿನ ಇಷ್ಟು ದೊಡ್ಡ ಪರಂಪರೆಯುಳ್ಳ ನೆಲದಲ್ಲಿ ಹೀಯಾಳಿಕೆಯು ಹೇಗೆ ಮನೆಮಾಡಿತು ಎಂಬುದನ್ನು ತಿಳಿಯಲು ಶಾಸನಗಳು ಸಾಲವು. ಸಂತೆಯಲ್ಲಿ, ಹೊಲದ ಬದುವಿನಲ್ಲಿ, ಬಸ್ ನಿಲ್ದಾಣದಲ್ಲಿ ಆಡುವ ಮಾತಿಗೆ ಕಿವಿಗೊಡಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಹುಲಿಗೆಪ್ಪ, ಹನುಮಪ್ಪ, ಗವಿಸಿದ್ದಪ್ಪ, ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳು ಸಾಮಾನ್ಯ. ಕೊನೆಯ ಎರಡು ಹೆಸರುಗಳನ್ನು ಹಿಂದೂ ಕುಟುಂಬಗಳಲ್ಲಿಯೂ ಇಡುತ್ತಾರೆ. ಮೊಹರಮ್ಮಿನ ಅಲಾವಿ ಮತ್ತು ದರ್ಗಾಗಳು ಈ ನಾಡಿಗೆ ಕೊಟ್ಟ ಹೆಸರುಗಳವು. ಈ ಎಲ್ಲ ಹೆಸರುಗಳ ಕೊನೆಯಲ್ಲಿರುವ ‘ಅಪ್ಪ’ ಎಂಬುದು ಗೌರವದ ಮುದ್ರೆ. ಆದರೆ ಹೆಸರಿನ ಒಡೆಯನು ದಲಿತನೋ ಕೂಲಿಕಾರನೋ ಆಗಿದ್ದರೆ ಆ ‘ಅಪ್ಪ’ ಉದುರಿಹೋಗುತ್ತದೆ. ಹುಲಿಗೆಪ್ಪನು ‘ಹುಲಿಗ್ಯಾ’ ಆಗುತ್ತಾನೆ, ಫಕೀರಪ್ಪನು ‘ಫಕೀರ್ಯಾ’ ಆಗುತ್ತಾನೆ, ಹನುಮವ್ವ ‘ಹನುಮಿ’ಯಾಗುತ್ತಾಳೆ. ಅರವತ್ತು ದಾಟಿದ ಮುದುಕನನ್ನು ಹತ್ತು ವರ್ಷದ ಹುಡುಗ ಹೀಗೆ ಕೂಗುವುದನ್ನೂ, ಆ ಮುದುಕ ‘ಯಾಕ್ರೀ ಸಣ್ಣ ಗೌಡ್ರ’ ಎಂದು ಓಗೊಡುವುದನ್ನೂ ಈ ಭಾಗದವರು ಕಾಣದೆ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ‘ಯಾ’ ಎಂಬ ಪ್ರತ್ಯಯವು ಸ್ವತಃ ಕೆಟ್ಟದ್ದಲ್ಲ. ತಾಯಿಯು ಮಗನನ್ನು ಹಾಗೆಯೇ ಕರೆಯುತ್ತಾಳೆ, ಗೆಳೆಯರು ಪರಸ್ಪರ ಹಾಗೆಯೇ ಕೂಗಿಕೊಳ್ಳುತ್ತಾರೆ. ಸಲಿಗೆಯೋ ತಿರಸ್ಕಾರವೋ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು: ಕರೆಸಿಕೊಂಡವನು ಅದೇ ಧಾಟಿಯಲ್ಲಿ ಮರುಮಾತನಾಡಬಹುದೇ? ಗೆಳೆಯ ಆಡಬಲ್ಲ. ಜೀತದಾಳು ಆಡಿದರೆ ಅದು ಸೊಕ್ಕು ಎನಿಸುತ್ತದೆ. ‘ನೀನು’ ಮತ್ತು ‘ನೀವು’ಗಳ ಕಥೆಯೂ ಇದೇ. ಕನ್ನಡದ ವ್ಯಾಕರಣವು ಬಹುವಚನದಲ್ಲಿ ಗೌರವವನ್ನು ಇಟ್ಟಿತು. ಆ ಬಹುವಚನವನ್ನು ಯಾರಿಗೆ ಹಂಚಬೇಕೆಂಬುದನ್ನು ಊರು ತೀರ್ಮಾನಿಸಿತು. ಮಕ್ಕಳು ಇದನ್ನು ಶಾಲೆಗೆ ಹೋಗುವ ಮೊದಲೇ ಕಲಿತಿರುತ್ತಾರೆ.

ಹೀಯಾಳಿಕೆಯ ಪದಗಳಲ್ಲಿ ನಮ್ಮ ಓದುಗರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಪದವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕಾಗಿದೆ. ಅದು ‘ಹಜಾಮ’. ಮೂಲದಲ್ಲಿ ಇದು ಅರಬೀ ಪದ. ಹಿಜಾಮಾ ಎಂಬ ರಕ್ತಮೋಕ್ಷಣ ಚಿಕಿತ್ಸೆಯನ್ನು ಮಾಡುವವನೇ ಹಜ್ಜಾಮ್, ಅಂದರೆ ವೈದ್ಯಕ್ಕೆ ಸೇರಿದ ಕಸುಬಿನವನು. ಪ್ರವಾದಿವರ್ಯರು(ಸ) ಅಬೂ ತೈಬಾ ಎಂಬ ಗುಲಾಮ ಹಜ್ಜಾಮನಿಂದ ಈ ಚಿಕಿತ್ಸೆಯನ್ನು ಪಡೆದರೆಂದೂ, ಆತನಿಗೆ ಖರ್ಜೂರವನ್ನು ಕೂಲಿಯಾಗಿ ಕೊಡಿಸಿ, ಆತನಿಂದ ವಸೂಲು ಮಾಡುತ್ತಿದ್ದ ಹಣವನ್ನು ಕಡಿಮೆ ಮಾಡುವಂತೆ ಒಡೆಯರಿಗೆ ತಿಳಿಸಿದರೆಂದೂ ಬುಖಾರಿಯ ಹದೀಸಿನಲ್ಲಿದೆ. ಅದೇ ಪದವು ಉರ್ದುವಿನ ಮೂಲಕ ಕನ್ನಡಕ್ಕೆ ಬಂದು ಕ್ಷೌರಿಕನಿಗೆ ಅಂಟಿಕೊಂಡಿತು, ಕೊನೆಗೆ ರಾಜಕಾರಣಿಗಳು ಎದುರಾಳಿಯನ್ನು ಹಳಿಯುವ ಮಾತಾಯಿತು. ‘ಅದೇನು ಹಜಾಮತಿಯೋ’ ಎಂದು ಕೆಟ್ಟ ಕೆಲಸವನ್ನು ಹಂಗಿಸುವವರಿಗೆ ತಾವು ಒಂದು ಇಡೀ ಸಮುದಾಯದ ಅನ್ನವನ್ನು ಹಂಗಿಸುತ್ತಿದ್ದೇವೆಂಬ ಎಚ್ಚರವಿರುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಈ ವೃತ್ತಿಯ ಒಂದು ಸಮುದಾಯವು ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರ ಹೆಸರನ್ನು ತನ್ನ ಹೆಸರಾಗಿ ಇಟ್ಟುಕೊಂಡಿದೆ. ಬೈಗುಳದಿಂದ ಪಾರಾಗಲು ಸಮುದಾಯಗಳು ಹೀಗೆ ಹೆಸರುಗಳನ್ನು ಹುಡುಕಿಕೊಳ್ಳಬೇಕಾಗುತ್ತದೆ.

ಈ ಕ್ಷೌರದಂಗಡಿಯೇ ಕೊಪ್ಪಳ ಜಿಲ್ಲೆಯಲ್ಲಿ ತಿರಸ್ಕಾರದ ಬಹಿರಂಗ ವೇದಿಕೆಯಾಗಿರುವುದು ದುರದೃಷ್ಟಕರ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರಿಗೆ ಕ್ಷೌರದಂಗಡಿ ಮತ್ತು ಹೋಟೆಲುಗಳಲ್ಲಿ ಪ್ರವೇಶವಿಲ್ಲದಿರುವುದು ವಿವಾದವಾಗಿತ್ತು. ದಲಿತರು ಅದನ್ನು ಪ್ರಶ್ನಿಸತೊಡಗಿದ್ದರು. ಈ ಹಿನ್ನೆಲೆಯಲ್ಲಿ, ಸಿನಿಮಾ ನೋಡಲು ಹೋದಲ್ಲಿ ನಡೆದ ಒಂದು ಜಗಳವು ನೆಪವಾಗಿ, 2014ರ ಆಗಸ್ಟ್ 28ರಂದು ಗುಂಪೊಂದು ದಲಿತರ ಕೇರಿಗೆ ನುಗ್ಗಿ ಜನರನ್ನು ಥಳಿಸಿ ಗುಡಿಸಲುಗಳಿಗೆ ಬೆಂಕಿ ಹಚ್ಚಿತು. 117 ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ವಿಚಾರಣೆಯ ಅವಧಿಯಲ್ಲಿಯೇ 16 ಮಂದಿ ತೀರಿಕೊಂಡರು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ಮೂವರಿಗೆ ಐದು ವರ್ಷಗಳ ಶಿಕ್ಷೆಯನ್ನೂ ವಿಧಿಸಿತು. ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಮಂದಿಗೆ ಜೀವಾವಧಿ ಶಿಕ್ಷೆಯಾದದ್ದು ದೇಶವೇ ತಿರುಗಿ ನೋಡಿದ ಸಂಗತಿ. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠವು ಅವರಲ್ಲಿ ಬಹುಪಾಲು ಮಂದಿಗೆ ಜಾಮೀನು ನೀಡಿತು.

ಕಡಿಮೆ ಶಿಕ್ಷೆ ಪಡೆದ ಆ ಮೂವರ ಸಂಗತಿ ಯೋಚಿಸತಕ್ಕದ್ದು. ಅವರೂ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದವರಾಗಿದ್ದರಿಂದ ದೌರ್ಜನ್ಯ ತಡೆ ಕಾಯ್ದೆಯು ಅವರಿಗೆ ಅನ್ವಯವಾಗಲಿಲ್ಲ. ತುಳಿತಕ್ಕೊಳಗಾದವನು ತುಳಿಯುವವರ ಗುಂಪಿನಲ್ಲಿ ನಿಂತು ಕಲ್ಲೆತ್ತುವುದಕ್ಕೆ ಚರಿತ್ರೆಯಲ್ಲಿ ಕೊರತೆಯಿಲ್ಲ.

ಯಲಬುರ್ಗಾ ತಾಲ್ಲೂಕಿನ ಸಂಗನಹಾಳದಲ್ಲಿ 2024ರ ಆಗಸ್ಟಿನಲ್ಲಿ ಕ್ಷೌರದಂಗಡಿಯಲ್ಲಿಯೇ ನಡೆದ ವಾಗ್ವಾದದಲ್ಲಿ ದಲಿತ ಯುವಕನೊಬ್ಬನು ಕೊಲೆಯಾದನು. ಕ್ಷೌರಿಕನನ್ನು ಪೊಲೀಸರು ಬಂಧಿಸಿದರು. 2025ರ ಆರಂಭದಲ್ಲಿ ಕೊಪ್ಪಳ ತಾಲ್ಲೂಕಿನ ಮುದ್ದಾಬಳ್ಳಿಯಲ್ಲಿ ದಲಿತರಿಗೆ ಕ್ಷೌರ ಮಾಡಬೇಕಾಗುತ್ತದೆಂದು ಅಂಗಡಿಗಳಿಗೇ ಬೀಗ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಇಲ್ಲಿ ನಾವು ಕ್ಷೌರಿಕನನ್ನು ಮಾತ್ರ ದೂಷಿಸಿದರೆ ವಿಷಯದ ಅರ್ಧವನ್ನು ಬಿಟ್ಟಂತೆ. ಅವನ ಅಂಗಡಿ ನಡೆಯುವುದು ಊರ ಪ್ರಬಲರ ಗಿರಾಕಿತನದಿಂದ. ಅದೇ ಕತ್ತರಿ, ಅದೇ ಬಾಚಣಿಗೆ ದಲಿತನ ತಲೆಯನ್ನು ಮುಟ್ಟಿದರೆ ತಾವು ಬರುವುದಿಲ್ಲವೆಂದು ಅವರು ಬಾಯಿಬಿಟ್ಟು ಹೇಳಬೇಕೆಂದಿಲ್ಲ, ಬರುವುದನ್ನು ನಿಲ್ಲಿಸಿದರೆ ಸಾಕು. ಊರು ಯಾವನನ್ನು ಹಜಾಮನೆಂದು ಹಂಗಿಸುತ್ತದೆಯೋ ಅವನ ಕೈಯಿಂದಲೇ ಇನ್ನೊಬ್ಬನನ್ನು ಅವಮಾನಿಸುವ ಕೆಲಸವನ್ನೂ ಮಾಡಿಸುತ್ತದೆ.

ಕುಷ್ಟಗಿ ತಾಲ್ಲೂಕಿನ ಮಿಯಾಪುರದ ಪ್ರಕರಣದಲ್ಲಿ ಹೊಡೆತವಿರಲಿಲ್ಲ, ಬೆಂಕಿಯಿರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಚನ್ನದಾಸರ ಸಮುದಾಯದ ತಂದೆಯೊಬ್ಬರು ತಮ್ಮ ಪುಟ್ಟ ಮಗನ ಹುಟ್ಟುಹಬ್ಬದಂದು ಹನುಮಂತ ದೇವರ ಗುಡಿಯ ಹೊರಗೆ ನಿಂತು ಕೈಮುಗಿಯಲು ಹೋಗಿದ್ದರು. ಮಳೆ ಬಂತು, ಮಗು ಗುಡಿಯೊಳಕ್ಕೆ ಓಡಿತು. ಗುಡಿಯ ಶುದ್ಧಿಗಾಗಿ ಹಣ ಕೊಡಬೇಕೆಂದು ಊರ ಕೆಲವರು ಕುಟುಂಬಕ್ಕೆ ದಂಡ ಹೇರಿದರು. ಸುದ್ದಿ ಹೊರಬಿದ್ದ ಮೇಲೆ ಐವರ ಬಂಧನವಾಯಿತು. ಈ ಪ್ರಸಂಗದಲ್ಲಿ ಯಾರೂ ಬೈಗುಳವನ್ನು ಬಳಸಬೇಕಾಗಿರಲಿಲ್ಲ ಎಂಬುದನ್ನು ಗಮನಿಸಿರಿ. ‘ಶುದ್ಧಿ’ ಎಂಬ ಒಳ್ಳೆಯ ಪದವೇ ಸಾಕಾಯಿತು. ಮಳೆಗೆ ಹೆದರಿ ಓಡಿದ ಮಗುವನ್ನು ಹೊಲಸು ಎಂದು ಕರೆಯುವುದಕ್ಕೆ ಇದಕ್ಕಿಂತ ಸಭ್ಯವಾದ ಮಾತು ಸಿಗಲಾರದು. ಆ ತಂದೆಯು ಗುಡಿಯ ಹೊರಗೇ ನಿಂತಿದ್ದರು ಎಂಬ ವಿವರವನ್ನು ಸುದ್ದಿ ಓದಿದ ಅನೇಕರು ಗಮನಿಸಲಿಲ್ಲ. ಅವರಿಗೆ ತಮ್ಮ ಸ್ಥಳ ಗೊತ್ತಿತ್ತು. ಮಗುವಿಗೆ ಇನ್ನೂ ಗೊತ್ತಿರಲಿಲ್ಲ.

ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1989ರ ದೌರ್ಜನ್ಯ ತಡೆ ಕಾಯ್ದೆಯು ಪರಿಶಿಷ್ಟರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಯಾವುದೇ ಸ್ಥಳದಲ್ಲಿ ಉದ್ದೇಶಪೂರ್ವಕವಾಗಿ ಅವಮಾನಿಸುವುದನ್ನು ಅಪರಾಧವೆನ್ನುತ್ತದೆ. ಜಾತಿ ಹೆಸರಿನಿಂದ ಬೈಯುವುದನ್ನು 2015ರ ತಿದ್ದುಪಡಿಯು ಪ್ರತ್ಯೇಕ ಅಪರಾಧವಾಗಿ ಸೇರಿಸಿತು. ಆದರೂ ಜನಪ್ರಿಯ ಚಿತ್ರನಟರೊಬ್ಬರು 2023ರಲ್ಲಿ ನೇರಪ್ರಸಾರದ ಮಾತಿನ ನಡುವೆ ಊರು ಮತ್ತು ಹೊಲಗೇರಿಯ ಬಗೆಗಿನ ಗಾದೆಯನ್ನು ಸಹಜವೆಂಬಂತೆ ಬಳಸಿದರು. ದೂರು ದಾಖಲಾಯಿತು, ಅವರು ಕ್ಷಮೆ ಕೇಳಿದರು, ಹೈಕೋರ್ಟು ಮಧ್ಯಂತರ ತಡೆ ನೀಡಿತು. ಗಾದೆಗೆ ಕರ್ತೃವಿಲ್ಲ, ಆದುದರಿಂದ ಆಡಿದವನಿಗೆ ತಾನು ಆಡಿದೆನೆಂದು ಅನ್ನಿಸುವುದೂ ಇಲ್ಲ.

ಇನ್ನು ನಮ್ಮ ಪಾಲಿಗೆ ಬಂದ ಮಾತುಗಳನ್ನು ನೋಡೋಣ. ಗಂಗಾವತಿ ತಾಲ್ಲೂಕಿನ ಆನೆಗೊಂದಿ ವಿಜಯನಗರದ ಮೊದಲ ನೆಲೆ. ಆ ಅರಸರು ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದನ್ನು ಧರಿಸಿದ್ದರು. ಸುರತ್ರಾಣವೆಂದರೆ ಸುಲ್ತಾನ. ಮುಸ್ಲಿಮರ ಪದವೊಂದು ಹಿಂದೂ ಅರಸನ ಹೆಮ್ಮೆಯ ಬಿರುದಾದ ಇದೇ ಸೀಮೆಯಲ್ಲಿ, ತುರ್ಕರಿಗಿದ್ದ ‘ತುರುಕ’ ಎಂಬ ಹೆಸರು ಮುಂದೆ ಬೈಗುಳವಾಯಿತು. ‘ಸಾಹೇಬ’ ಎಂಬ ಗೌರವವಾಚಕವು ‘ಸಾಬ’ ಎಂದಾಗಿ, ಕೆಲವರ ಬಾಯಲ್ಲಿ ‘ಸಾಬಿ’ಯಾಯಿತು. ಹುಸೇನಸಾಬನನ್ನು ‘ಹುಸೇನ್ಯಾ’ ಎನ್ನುವ ಬಾಯಿ, ಹುಲಿಗೆಪ್ಪನನ್ನು ‘ಹುಲಿಗ್ಯಾ’ ಎನ್ನುವ ಬಾಯಿ ಬಹುಮಟ್ಟಿಗೆ ಒಂದೇ.

‘ರಝಾಕಾರ’ ಎಂಬ ಪದದ ಕಥೆ ಇದಕ್ಕಿಂತ ಕಠಿಣವಾದುದು, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಪದದ ಅರ್ಥ ಸ್ವಯಂಸೇವಕ. 1947-48ರಲ್ಲಿ ಖಾಸಿಂ ರಜ್ವಿಯ ನಾಯಕತ್ವದ ರಝಾಕಾರರು ನಿಜಾಮ ಸಂಸ್ಥಾನದಲ್ಲಿ ನಡೆಸಿದ ಹಿಂಸೆಯನ್ನು ನಾವು ಮರೆಮಾಚಲಾರೆವು. ಈ ಭಾಗದ ಹೋರಾಟಗಾರರು ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ಹೂಡಿದರು, ಅಳವಂಡಿ ಶಿವಮೂರ್ತಿಸ್ವಾಮಿಗಳು ಅದರ ನೇತೃತ್ವ ವಹಿಸಿದರು. ಅದಕ್ಕೂ ಹಿಂದಿನ ದಶಕಗಳಲ್ಲಿ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದ ಕೊಪ್ಪಳದಲ್ಲಿಯೂ ಸಂಸ್ಥಾನದ ಉಳಿದ ಕನ್ನಡ ಭಾಗದಲ್ಲಿಯೂ ಆಡಳಿತದ ಭಾಷೆ ಉರ್ದುವಾಗಿತ್ತು. ಕಚೇರಿಯ ಮುಂದೆ ನಿಂತ ಕನ್ನಡದ ರೈತನಿಗೆ ತನ್ನ ನುಡಿಯೇ ಕೀಳೆಂಬ ಭಾವನೆ ಹುಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅದೇ ಹೈದರಾಬಾದಿನಲ್ಲಿ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅವರು ರಝಾಕಾರರನ್ನು ವಿರೋಧಿಸಿ ಬರೆದುದಕ್ಕಾಗಿ 1948ರ ಆಗಸ್ಟಿನಲ್ಲಿ ಕೊಲೆಯಾದರು. ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು, ಅನಂತರದ ದಿನಗಳಲ್ಲಿ ಸಾವಿರಾರು ಸಾಮಾನ್ಯ ಮುಸ್ಲಿಮರು ಹತರಾದುದನ್ನು ಕೇಂದ್ರ ಸರಕಾರವೇ ಕಳುಹಿಸಿದ ಸುಂದರಲಾಲ್ ಸಮಿತಿಯು ದಾಖಲಿಸಿತು. ರಝಾಕಾರರು ಹೋದರು, ಪದವು ಉಳಿಯಿತು. ಆ ಕಾಲದ ನಂತರ ಹುಟ್ಟಿ, ಹತ್ತಿ ಬಿಡಿಸಿ, ಕೂಲಿ ಮಾಡಿ ಬದುಕಿದ ಮುಸ್ಲಿಮನ ಮೇಲೂ ಅದು ಬೀಳುತ್ತದೆ. ಬೆಂಗಳೂರಿನ ಮುಸ್ಲಿಮ್ ಬಹುಸಂಖ್ಯಾತ ಬಡಾವಣೆಯೊಂದನ್ನು ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಕಲಾಪದ ನಡುವೆ ಪಾಕಿಸ್ತಾನವೆಂದು ಕರೆದಾಗ ಸುಪ್ರೀಂ ಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಭಾರತದ ಯಾವ ಭಾಗವನ್ನೂ ಹಾಗೆ ಕರೆಯುವಂತಿಲ್ಲವೆಂದು 2024ರ ಸೆಪ್ಟೆಂಬರ್ 25ರಂದು ಹೇಳಿ, ನ್ಯಾಯಮೂರ್ತಿಗಳು ವಿಷಾದ ವ್ಯಕ್ತಪಡಿಸಿದ್ದರಿಂದ ಪ್ರಕರಣವನ್ನು ಮುಗಿಸಿತು. ಹಳ್ಳಿಯ ಚಹಾದಂಗಡಿಯಲ್ಲಿ ಇದೇ ಮಾತು ಬಿದ್ದರೆ ತಾನಾಗಿಯೇ ಕೈಗೆತ್ತಿಕೊಳ್ಳುವವರು ಯಾರೂ ಇರುವುದಿಲ್ಲ.

ಈ ನೋವನ್ನು ಅರಿತ ಸಮುದಾಯದ ನಾಲಿಗೆ ಸ್ವಚ್ಛವಾಗಿರಬೇಕೆಂದು ಯಾರಾದರೂ ನಿರೀಕ್ಷಿಸಿದರೆ ಅದು ನ್ಯಾಯವಾದ ನಿರೀಕ್ಷೆ. ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯದ 11ನೆಯ ಸೂಕ್ತವು ಒಂದು ಜನಾಂಗವು ಇನ್ನೊಂದನ್ನು ಅಪಹಾಸ್ಯ ಮಾಡಬಾರದೆಂದೂ, ಅವರು ಇವರಿಗಿಂತ ಉತ್ತಮರಾಗಿರಬಹುದೆಂದೂ ಹೇಳಿ, ಸ್ತ್ರೀಯರನ್ನು ಬೇರೆಯಾಗಿ ಹೆಸರಿಸಿ ಅದನ್ನೇ ಮತ್ತೆ ಹೇಳುತ್ತದೆ. ಅಡ್ಡಹೆಸರುಗಳಿಂದ ಕರೆಯುವುದನ್ನು ನಿಷೇಧಿಸುತ್ತದೆ. ಗಮನಿಸಿರಿ, ಅಡ್ಡಹೆಸರು ಎಂಬಷ್ಟು ಸಣ್ಣ ಸಂಗತಿಯು ಅಲ್ಲಿ ವಿಧಿಯ ವಿಷಯವಾಗಿದೆ. ಅಬೂದರ್ರ್(ರ) ಅವರು ಒಬ್ಬನನ್ನು ಆತನ ತಾಯಿಯ ಹೆಸರೆತ್ತಿ ಹಂಗಿಸಿದಾಗ, ನಿಮ್ಮಲ್ಲಿ ಇನ್ನೂ ಜಾಹಿಲಿಯ್ಯತ್ತಿನ ಅಂಶ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಆಕ್ಷೇಪಿಸಿದರು. ಹಂಗಿಸಿಕೊಂಡವರು ಬಿಲಾಲ್(ರ) ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಮುಂದೆ ಅಬೂದರ್ರ್(ರ) ತಾವು ತೊಟ್ಟಂಥದೇ ಉಡುಪನ್ನು ತಮ್ಮ ಸೇವಕನಿಗೂ ತೊಡಿಸಿದ್ದನ್ನು ಕಂಡ ಒಬ್ಬರು ಕಾರಣ ಕೇಳಿದಾಗ, ಅವರು ವಿವರಿಸಿದ್ದು ಈ ಪ್ರಸಂಗವನ್ನೇ.

ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ಹತ್ತಿ ಹಿಂಜುವ ಕಸುಬಿನ ಪಿಂಜಾರರು, ನದಾಫರು ತಲೆಮಾರುಗಳಿಂದ ಇದ್ದಾರೆ. ಅವರ ಮನೆಮಾತು ಬಹುಮಟ್ಟಿಗೆ ಕನ್ನಡ. ಸರಕಾರವು ಅವರ ಹಿಂದುಳಿದಿರುವಿಕೆಯನ್ನು ಪರಿಗಣಿಸಿ ಉಳಿದ ಮುಸ್ಲಿಮರಿಂದ ಬೇರೆಯಾಗಿ ಪ್ರವರ್ಗ 1ರಲ್ಲಿ ಸೇರಿಸಿದೆ. ಅವರ ಕನ್ನಡವನ್ನು ಆಡಿಕೊಳ್ಳುವವರು, ಅವರ ಉರ್ದುವಿನ ಉಚ್ಚಾರಣೆಗೆ ನಗುವವರು, ‘ಪಿಂಜಾರ’ ಎಂಬುದನ್ನು ಕಸುಬಿನ ಹೆಸರಾಗಿ ಅಲ್ಲದೆ ಮಟ್ಟದ ಹೆಸರಾಗಿ ಬಳಸುವವರು ನಮ್ಮ ಶಾದಿಮಹಲುಗಳಲ್ಲಿಯೇ ಕುಳಿತಿರುತ್ತಾರೆ. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರೇ ಹೆಣ್ಣು ನೋಡುವ ಮಾತು ಬಂದಾಗ ‘ಅವರು ಯಾರ ಪೈಕಿ?’ ಎಂದು ತಗ್ಗಿದ ದನಿಯಲ್ಲಿ ವಿಚಾರಿಸುತ್ತಾರೆ. ಬೀದಿ ಗುಡಿಸಲು ಬಂದ ಮಹಿಳೆಗೆ ಕುಡಿಯುವ ನೀರನ್ನು ಬೇರೆ ಲೋಟದಲ್ಲಿ ಕೊಡುವ ಮನೆಗಳು ಯಾವುದೋ ಒಂದು ಧರ್ಮದವರವು ಮಾತ್ರ ಎಂದು ಹೇಳುವ ಧೈರ್ಯ ನಮಗಿಲ್ಲ. ದೌರ್ಜನ್ಯ ತಡೆ ಕಾಯ್ದೆಯು ಅವಮಾನವನ್ನು ಹಿಡಿಯುವುದು ಸಾರ್ವಜನಿಕರ ಕಣ್ಣಿಗೆ ಬಿದ್ದಾಗ. ಆ ಲೋಟವು ಇರುವುದು ಅಡುಗೆಮನೆಯ ಹೊರಗಿನ ಗೂಡಿನಲ್ಲಿ, ಅದನ್ನು ಯಾರಿಗೆ ಕೊಡಬೇಕೆಂದು ಮನೆಯ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.